ಎಸ್‌ಎಂಪಿಎಸ್ ಕೊಳ್ಳುವ ಮುನ್ನ ಮದರ್‌ಬೋರ್ಡಿನ ಪಿನ್ ಎಣಿಸಿ

ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬ ಎಸ್‌ಎಂಪಿಎಸ್. ಅದು ಸುಟ್ಟುಹೋದರೆ ಅಂಗಡಿಯಲ್ಲಿ ಮೊದಲು ಬರುವ ಮಾತು ‘ಎಷ್ಟು ವಾಟ್ ಬೇಕು?’ ಎಂಬುದು. ವಾಟಿನ ಲೆಕ್ಕ ಆಮೇಲಿನದು. ಮದರ್‌ಬೋರ್ಡಿನ, ಅಂದರೆ ಎಲ್ಲ ಭಾಗಗಳೂ ಜೋಡಣೆಯಾಗುವ ಮುಖ್ಯ ಬೋರ್ಡಿನ ಮೇಲೆ ಯಾವ ಸಾಕೆಟ್‌ಗಳಿವೆ, ಒಂದೊಂದರಲ್ಲಿ ಎಷ್ಟು ಪಿನ್ ಇವೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ವಾಟ್ ಕಡಿಮೆಯಾದರೆ ಕೆಲಸದ ನಡುವೆ ಕಂಪ್ಯೂಟರ್ ಆಫ್ ಆದೀತು, ಅಷ್ಟೆ. ಕನೆಕ್ಟರ್ ತಪ್ಪಿದರೆ ಬೋರ್ಡೇ ಹೋಗಬಹುದು.

ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟು ಇಳಿಯುತ್ತದೆ. ಪಕ್ಕದ ಮುಚ್ಚಳ ತೆಗೆದು, ಯಾವ ವೈರು ಎಲ್ಲಿಗೆ ಹೋಗಿದೆ ಎಂದು ಮೊಬೈಲಿನಲ್ಲಿ ನಾಲ್ಕಾರು ಫೋಟೊ ತೆಗೆದುಕೊಳ್ಳಿ. ಎಸ್‌ಎಂಪಿಎಸ್‌ನ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೂ ಮೀರಿದ ಚಾರ್ಜ್ ಉಳಿದಿರಬಹುದು.

ದೊಡ್ಡ ಸಾಕೆಟ್: 20 ಪಿನ್ನೋ, 24 ಪಿನ್ನೋ?

ರ‍್ಯಾಮ್ ಪಕ್ಕದಲ್ಲಿ, ಬೋರ್ಡಿನ ಅಂಚಿನಲ್ಲಿ ಎರಡು ಸಾಲಿನ ಉದ್ದನೆಯ ಸಾಕೆಟ್ ಇರುತ್ತದೆ. ಬೋರ್ಡು, ಎಸ್‌ಎಂಪಿಎಸ್‌ಗಳ ಅಳತೆ ಮತ್ತು ಕನೆಕ್ಟರ್ ಹೇಗಿರಬೇಕೆಂದು ಹೇಳುವ ಎಟಿಎಕ್ಸ್ ಮಾನದಂಡವನ್ನು 1995ರಲ್ಲಿ ಇಂಟೆಲ್ ತಂದಾಗ ಇದರಲ್ಲಿ 20 ಪಿನ್ ಇದ್ದವು. 2003ರಿಂದ ಈಚೆಗೆ 24. ಹೊಸದಾಗಿ ಸೇರಿದ 4 ಪಿನ್‌ಗಳಲ್ಲಿ ಹಳದಿ, ಕೆಂಪು, ಕಿತ್ತಳೆ, ಕಪ್ಪು ವೈರು ತಲಾ ಒಂದು. ಅಂದರೆ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಮತ್ತು ಗ್ರೌಂಡ್ (ಕರೆಂಟು ಮರಳುವ ದಾರಿ).

ಈಗಿನ ಬಹುಪಾಲು ಎಸ್‌ಎಂಪಿಎಸ್‌ಗಳಲ್ಲಿ 4 ಪಿನ್ನಿನ ತುಂಡು ಬಿಡಿಸಿಕೊಳ್ಳುವಂತಿರುತ್ತದೆ. ಹಳೆಯ 20 ಪಿನ್ ಬೋರ್ಡಿಗೆ ಹಾಕುವಾಗ ಅದನ್ನು ಜಾರಿಸಿ ಬೇರ್ಪಡಿಸಿದರೆ ಸಾಕು. ತಿರುಗುಮುರುಗು, ಅಂದರೆ 24 ಪಿನ್ ಬೋರ್ಡಿಗೆ ಹಳೆಯ 20 ಪಿನ್ ಎಸ್‌ಎಂಪಿಎಸ್ ಹಾಕಿದರೂ ಸಾಮಾನ್ಯವಾಗಿ ಕಂಪ್ಯೂಟರ್ ಆನ್ ಆಗುತ್ತದೆ. ಆನ್ ಆಯಿತಲ್ಲ ಎಂದು ನೆಚ್ಚಬೇಡಿ. 24 ಪಿನ್ನಿನಲ್ಲಿ 12 ವೋಲ್ಟಿಗೆ ಎರಡು ಹಳದಿ ವೈರುಗಳಿವೆ, 20ರಲ್ಲಿ ಒಂದೇ. ಗ್ರಾಫಿಕ್ಸ್ ಕಾರ್ಡ್ ತನ್ನ ಸ್ಲಾಟಿನಿಂದಲೇ 75 ವಾಟ್‌ವರೆಗೆ ಎಳೆಯಬಲ್ಲದು. ಆ ಹೊರೆಯ ಬಹುಪಾಲು ಒಂದೇ ಪಿನ್ನಿನ ಮೇಲೆ ಬಿದ್ದು ಅದು ಬಿಸಿಯೇರುತ್ತದೆ, ಪ್ಲಾಸ್ಟಿಕ್ ಕಂದಾಗುತ್ತದೆ. ಕಾರ್ಡ್ ಇಲ್ಲದ ಸಣ್ಣ ಕಂಪ್ಯೂಟರಿಗೆ ಇದು ತಾತ್ಕಾಲಿಕವಾಗಿ ನಡೆದೀತು, ಕಾರ್ಡ್ ಇದ್ದರೆ ಬೇಡವೇ ಬೇಡ.

ಪ್ರೊಸೆಸರ್ ಸಾಕೆಟ್, ಅದನ್ನೇ ಹೋಲುವ ಇನ್ನೊಂದು

ಪ್ರೊಸೆಸರಿನ ಹತ್ತಿರ, ಸಾಮಾನ್ಯವಾಗಿ ಬೋರ್ಡಿನ ಮೇಲಿನ ಎಡಮೂಲೆಯಲ್ಲಿ, 4 ಅಥವಾ 8 ಪಿನ್ನಿನ ಚಿಕ್ಕ ಸಾಕೆಟ್ ಇರುತ್ತದೆ. ಇದನ್ನು ಹಾಕಲು ಮರೆಯುವವರು ಬಹಳ. ಫ್ಯಾನ್‌ಗಳೆಲ್ಲ ತಿರುಗುತ್ತವೆ, ಪರದೆಯಲ್ಲಿ ಏನೂ ಬರುವುದಿಲ್ಲ. ಹೀಗಾದರೆ ಮೊದಲು ಈ ಮೂಲೆಯನ್ನೇ ನೋಡಿ.

ಬೋರ್ಡಿನಲ್ಲಿ 4 ಪಿನ್ ಮಾತ್ರ ಇದ್ದರೆ ಎರಡು 4 ಪಿನ್ ತುಂಡುಗಳಾಗಿ ಸೀಳುವ ‘4+4’ ಕನೆಕ್ಟರನ್ನು ಬಿಡಿಸಿ ಸರಿಹೊಂದುವ ಅರ್ಧವನ್ನು ಹಾಕಬಹುದು. ಬೋರ್ಡಿನಲ್ಲಿ 8 ಇದ್ದು ಎಸ್‌ಎಂಪಿಎಸ್‌ನಲ್ಲಿ 4 ಮಾತ್ರ ಇದ್ದರೆ ಯೋಚಿಸಬೇಕು. ಇಂಟೆಲ್ ಐ5-12400 ಪೂರ್ತಿ ಓಡಿದಾಗ 117 ವಾಟ್, ಅಂದರೆ 12 ವೋಲ್ಟಿನಲ್ಲಿ ಸುಮಾರು 10 ಆಂಪಿಯರ್. ಎರಡು ಹಳದಿ ವೈರುಗಳಿಗೆ ಹಂಚಿದರೆ ತಲಾ 5. ಇದು ತಡೆಯುತ್ತದೆ. 241 ವಾಟಿನ ಐ9-12900ಕೆ ಆದರೆ ತಲಾ 10 ಆಂಪಿಯರ್ ಆಗುತ್ತದೆ. ಅಲ್ಲಿ 8 ಪಿನ್ನೇ ಬೇಕು. ಕೆಲವು ದೊಡ್ಡ ಬೋರ್ಡುಗಳಲ್ಲಿ 8ರ ಜೊತೆ ಇನ್ನೂ 4 ಪಿನ್ ಇರುತ್ತವೆ. ಓವರ್‌ಕ್ಲಾಕ್ ಮಾಡದವರಿಗೆ (ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸದವರಿಗೆ) ಸಾಮಾನ್ಯವಾಗಿ ಅದು ಖಾಲಿ ಇದ್ದರೂ ತೊಂದರೆಯಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ಗ್ರಾಫಿಕ್ಸ್ ಕಾರ್ಡಿನ ಕನೆಕ್ಟರಿನಲ್ಲೂ 8 ಪಿನ್ ಇವೆ, ನೋಟಕ್ಕೆ ಎರಡೂ ಒಂದೇ. ಒಳಗೆ ಮಾತ್ರ ತಲೆಕೆಳಗು. ಪ್ರೊಸೆಸರಿನದರಲ್ಲಿ ಲಾಕ್ ಕೊಂಡಿ ಇರುವ ಸಾಲಿನಲ್ಲಿ 12 ವೋಲ್ಟ್ ಬರುತ್ತದೆ, ಕಾರ್ಡಿನದರಲ್ಲಿ ಅದೇ ಸಾಲಿನಲ್ಲಿ ಗ್ರೌಂಡ್. ಬಲವಂತವಾಗಿ ಒತ್ತಿ ಅದಲುಬದಲು ಮಾಡಿದರೆ 12 ವೋಲ್ಟ್ ನೇರ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಗುರುತು ಹಿಡಿಯುವುದು ಹೀಗೆ: ‘4+4’ ಎಂದು ಸೀಳುವುದು ಪ್ರೊಸೆಸರಿನದು, ‘6+2’ ಎಂದು ಸೀಳುವುದು ಕಾರ್ಡಿನದು. ಈಚಿನ ಕೇಬಲ್‌ಗಳಲ್ಲಿ ವೈರುಗಳೆಲ್ಲ ಕಪ್ಪಾಗಿರುವುದರಿಂದ ಬಣ್ಣ ನೋಡಿ ಹೇಳಲಾಗದು. ಕನೆಕ್ಟರಿನ ಮೇಲೆ ಅಚ್ಚಾದ ಹೆಸರು ಓದಿ. ಪಿನ್ನಿನ ತುದಿಗಳು ಕೆಲವು ಚೌಕ, ಕೆಲವು ಮೂಲೆ ಕತ್ತರಿಸಿದ ಆಕಾರದಲ್ಲಿರುವುದು ತಪ್ಪು ಜಾಗಕ್ಕೆ ಹೋಗದಿರಲೆಂದೇ. ಸಲೀಸಾಗಿ ಕೂರದಿದ್ದರೆ ಒತ್ತಬೇಡಿ.

ಆಫೀಸಿನ ಹಳೆಯ ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳು

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸಿಗುವ ರಿಫರ್ಬಿಶ್ಡ್ (ಸರಿಪಡಿಸಿ ಮತ್ತೆ ಮಾರುವ ಹಳೆಯ) ಆಫೀಸ್ ಕಂಪ್ಯೂಟರ್‌ಗಳನ್ನು ವಿದ್ಯಾರ್ಥಿಗಳು ಕೊಂಡು, ಗ್ರಾಫಿಕ್ಸ್ ಕಾರ್ಡ್ ಹಾಕಲೆಂದು ದೊಡ್ಡ ಎಸ್‌ಎಂಪಿಎಸ್ ತರುವುದುಂಟು. ಮುಚ್ಚಳ ತೆಗೆದರೆ 24 ಪಿನ್ ಸಾಕೆಟ್ಟೇ ಇರುವುದಿಲ್ಲ! ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಹಲವು ಮಾಡೆಲ್‌ಗಳಲ್ಲಿ ಅವುಗಳದೇ ಆದ 6, 8, 10 ಅಥವಾ 14 ಪಿನ್ನಿನ ಸಾಕೆಟ್ ಇರುತ್ತದೆ. ಇಂಥ ಬೋರ್ಡುಗಳಿಗೆ ಸಾಮಾನ್ಯವಾಗಿ ಎಸ್‌ಎಂಪಿಎಸ್ ಕೊಡುವುದು 12 ವೋಲ್ಟ್ ಮಾತ್ರ. 5 ಮತ್ತು 3.3 ವೋಲ್ಟನ್ನು ಬೋರ್ಡೇ ತಯಾರಿಸಿಕೊಂಡು ಹಾರ್ಡ್ ಡಿಸ್ಕಿಗೂ ಅಲ್ಲಿಂದಲೇ ಹಂಚುತ್ತದೆ.

24 ಪಿನ್ನನ್ನು ಇದಕ್ಕೆ ಹೊಂದಿಸುವ ಅಡಾಪ್ಟರ್ ಕೇಬಲ್ ಸಿಗುತ್ತದೆ, ಆದರೆ ಪಿನ್ ಸಂಖ್ಯೆ ಒಂದೇ ಎಂದು ಯಾವುದೋ ಒಂದನ್ನು ತರಬೇಡಿ. ಪಿನ್ನಿನ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಇನ್ನೊಂದು ತೊಡಕು ಸ್ಟ್ಯಾಂಡ್‌ಬೈ ಕರೆಂಟಿನದು: ಸಾಮಾನ್ಯ ಎಸ್‌ಎಂಪಿಎಸ್ ಆಫ್ ಇದ್ದಾಗ ನೇರಳೆ ವೈರಿನಲ್ಲಿ 5 ವೋಲ್ಟ್ ಕೊಡುತ್ತದೆ, ಈ ಬೋರ್ಡುಗಳಲ್ಲಿ ಹಲವು ಆ ಹೊತ್ತಿಗೂ 12 ವೋಲ್ಟಿನ ಆಸುಪಾಸು ಬಯಸುತ್ತವೆ. ಅಂಥವಕ್ಕೆ ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟ್ ಇರುವ ಅಡಾಪ್ಟರೇ ಆಗಬೇಕು. ಬರೀ ವೈರು ಜೋಡಿಸಿದ ಅಗ್ಗದ್ದನ್ನು ಹಾಕಿದರೆ ಪವರ್ ಬಟನ್ ಒತ್ತಿದರೂ ಉಸಿರಿರುವುದಿಲ್ಲ. ಎಸ್‌ಎಂಪಿಎಸ್ ಮಾತ್ರ ಕೆಟ್ಟಿದ್ದರೆ ಹಳೆಯದರ ಲೇಬಲ್ಲಿನಲ್ಲಿರುವ ಪಾರ್ಟ್ ನಂಬರನ್ನೇ ಹುಡುಕಿ ತರುವುದು ಒಳ್ಳೆಯದು. ಡಬ್ಬದ ಅಳತೆಯೂ ಆಗ ಸರಿಹೋಗುತ್ತದೆ.

ಬಿಚ್ಚಿ ಹಾಕುವ ಕೇಬಲ್

ಮಾಡ್ಯುಲರ್ ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಎರಡೂ ತುದಿಯಲ್ಲಿ ಕಳಚಬಹುದು. ಬೋರ್ಡಿನ ಕಡೆಯ ತುದಿಗೆ ಮಾನದಂಡ ಇದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಕ್ರಮ ಬೇರೆಯಿರಬಹುದು. ಹಳೆಯ ಕೇಬಲ್ ಕ್ಯಾಬಿನೆಟ್ಟಿನಲ್ಲೇ ಬಿಟ್ಟು ಡಬ್ಬ ಮಾತ್ರ ಬದಲಿಸಿದರೆ 5 ವೋಲ್ಟಿನ ಜಾಗದಲ್ಲಿ 12 ಬಂದು ಹಾರ್ಡ್ ಡಿಸ್ಕ್ ಸುಡಬಹುದು, ಒಳಗಿದ್ದ ಫೋಟೊ, ಕಡತಗಳೂ ಅದರೊಂದಿಗೆ. ಡಬ್ಬದ ಜೊತೆ ಬಂದ ಕೇಬಲ್ ಮಾತ್ರ ಬಳಸಿ.

ಈಗ ವಾಟ್

ಐ5-12400ಕ್ಕೆ 117, ಆರ್‌ಟಿಎಕ್ಸ್ 3060 ಕಾರ್ಡಿಗೆ 170, ಬೋರ್ಡು, ರ‍್ಯಾಮ್, ಡಿಸ್ಕ್, ಫ್ಯಾನ್‌ಗಳಿಗೆ ಸುಮಾರು 60 ಎಂದಿಟ್ಟುಕೊಂಡರೆ 350ರ ಹತ್ತಿರ ಬರುತ್ತದೆ. ಕ್ಷಣಮಾತ್ರದ ಏರಿಕೆಗೂ ಜಾಗ ಬೇಕಾದ್ದರಿಂದ 550 ವಾಟಿನದು ಸೂಕ್ತ. ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ಮಾತ್ರ ನಂಬಬೇಡಿ. ಲೇಬಲ್ಲಿನಲ್ಲಿ 12 ವೋಲ್ಟಿನ ಆಂಪಿಯರ್ ನೋಡಿ 12ರಿಂದ ಗುಣಿಸಿ. ‘450 ವಾಟ್’ ಎಂದು ಬರೆದು 12 ವೋಲ್ಟಿಗೆ 18 ಆಂಪಿಯರ್ ಎಂದಿದ್ದರೆ ಸಿಗುವುದು 216 ವಾಟ್. ಪ್ರೊಸೆಸರ್, ಕಾರ್ಡ್ ಎರಡೂ ಎಳೆಯುವುದು ಮುಖ್ಯವಾಗಿ 12 ವೋಲ್ಟಿನಿಂದಲೇ. ಹಿಂಬದಿಯಲ್ಲಿ 115/230ರ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. 115ರಲ್ಲಿಟ್ಟು ನಮ್ಮ ಮನೆಯ ಕರೆಂಟು ಕೊಟ್ಟರೆ ಪಟಾಕಿ ಹೊಡೆದಂತೆ ಸದ್ದಾಗಿ ಸುಡುತ್ತದೆ.

ಬೋರ್ಡಿಗೆ ಹಾಕುವ ಮೊದಲು

ಹೊಸದನ್ನು ಹೊರಗೇ ಪರೀಕ್ಷಿಸಿ. ಪವರ್ ಕೇಬಲ್ ಚುಚ್ಚುವ ಮೊದಲು, ಕ್ಯಾಬಿನೆಟ್ ಫ್ಯಾನೊಂದನ್ನು ಹೊರೆಯಾಗಿ ಜೋಡಿಸಿ, 24 ಪಿನ್ನಿನಲ್ಲಿ ಹಸಿರು ವೈರನ್ನೂ ಅದರ ಪಕ್ಕದ ಕಪ್ಪು ವೈರನ್ನೂ ಪೇಪರ್ ಕ್ಲಿಪ್ಪಿನಿಂದ ಸೇರಿಸಿ. ವೈರೆಲ್ಲ ಕಪ್ಪಿದ್ದರೆ ಲಾಕ್ ಇರುವ ಸಾಲಿನಲ್ಲಿ, 4 ಪಿನ್ ತುಂಡಿನ ಎದುರು ತುದಿಯಿಂದ ನಾಲ್ಕನೆಯದೇ ಹಸಿರಿನ ಜಾಗ, ಮೂರನೆಯದೂ ಐದನೆಯದೂ ಗ್ರೌಂಡ್. ಆನ್ ಮಾಡಿ ಮಲ್ಟಿಮೀಟರಿನಲ್ಲಿ ಅಳೆಯಿರಿ: ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ವೋಲ್ಟ್ ನಡುವೆ ಇರಬೇಕು. ಬೂದು ವೈರಿನಲ್ಲಿ 5 ವೋಲ್ಟಿನ ಆಸುಪಾಸು ಬಾರದಿದ್ದರೆ ಉಳಿದದ್ದು ಸರಿಯಿದ್ದರೂ ಕಂಪ್ಯೂಟರ್ ಚಾಲೂ ಆಗುವುದಿಲ್ಲ. ಅಂಥದ್ದನ್ನು ಅಂಗಡಿಗೆ ಮರಳಿಸಿ.

ಜೋಡಿಸುವಾಗ ‘ಟಕ್’ ಎಂದು ಲಾಕ್ ಕೂರುವವರೆಗೆ ನೇರವಾಗಿ ಒತ್ತಿ, ಬೋರ್ಡು ಬಾಗದಂತೆ ಅಂಚಿಗೆ ಇನ್ನೊಂದು ಕೈಯ ಆಸರೆ ಕೊಡಿ. ವಾರದ ನಂತರ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, 24 ಪಿನ್ ಮತ್ತು ಪ್ರೊಸೆಸರ್ ಕನೆಕ್ಟರ್ ಎರಡನ್ನೂ ಹೊರತೆಗೆದು ನೋಡಿ. ಯಾವುದಾದರೂ ಪಿನ್ನಿನ ಸುತ್ತ ಪ್ಲಾಸ್ಟಿಕ್ ಹಳದಿಗಟ್ಟಿದ್ದರೆ ಅಲ್ಲಿ ಸಂಪರ್ಕ ಸಡಿಲವಿದೆ ಅಥವಾ ಹೊರೆ ಹೆಚ್ಚಾಗಿದೆ. ಕಾರಣ ಸಿಗುವವರೆಗೆ ಮತ್ತೆ ಆನ್ ಮಾಡಬೇಡಿ.