ಸ್ಟಾಫರ್ಡ್ ಎಸೆದ ಎರಡು ಸೀಸನ್: ರಿಸೀವರ್‌ನ ಲೆಕ್ಕ ನಾನು ಬಿಡಿಸುವ ಬಗೆ

ಅಮೆರಿಕನ್ ಫುಟ್‌ಬಾಲ್‌ನ ವೈಡ್ ರಿಸೀವರ್ (ಎಸೆದ ಚೆಂಡನ್ನು ಓಡಿ ಹಿಡಿಯುವವನು) ಬಗ್ಗೆ ವಾದ ಶುರುವಾದರೆ ಮೊದಲು ಬಂದು ಬೀಳುವುದು ಸೀಸನ್ನಿನ ಒಟ್ಟು ಗಜ, ಅಂದರೆ ಕ್ಯಾಚ್‌ಗಳಿಂದ ಮುಂದೆ ಹೋದ ದೂರ. 2012ರಲ್ಲಿ ಡೆಟ್ರಾಯಿಟ್ ಲಯನ್ಸ್‌ನ ಕ್ಯಾಲ್ವಿನ್ ಜಾನ್ಸನ್ 1,964 ಗಜ. 2021ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್‌ನ ಕೂಪರ್ ಕಪ್ 1,947. ವ್ಯತ್ಯಾಸ ಬರೀ 17. ಜಾನ್ಸನ್ ಕಡೆಯವರು ‘ನಮ್ಮವನು 16 ಪಂದ್ಯಕ್ಕೇ ಅಷ್ಟು ಮಾಡಿದ, ಕಪ್‌ಗೆ 17 ಬೇಕಾಯಿತು’ ಎನ್ನುತ್ತಾರೆ. ಕಪ್ ಕಡೆಯವರು ‘16 ಟಚ್‌ಡೌನ್ ಎಲ್ಲಿ, 5 ಎಲ್ಲಿ’ ಎಂದು ಕೇಳುತ್ತಾರೆ; ಟಚ್‌ಡೌನ್ ಎಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಪಡೆಯುವುದು. ಇಬ್ಬರು ಹೇಳುವುದೂ ನಿಜ, ಆದರೆ ಅಷ್ಟರಿಂದ ಯಾವುದೂ ತೀರ್ಮಾನವಾಗುವುದಿಲ್ಲ. ನಾನು ಈ ಜೋಡಿಯನ್ನೇ ಹಿಡಿದಿರುವುದಕ್ಕೆ ಕಾರಣವಿದೆ: ಎರಡೂ ಸೀಸನ್‌ನಲ್ಲಿ ಚೆಂಡು ಎಸೆದವನು ಮ್ಯಾಥ್ಯೂ ಸ್ಟಾಫರ್ಡ್. ಎಸೆಯುವವನು, ಅಂದರೆ ಕ್ವಾರ್ಟರ್‌ಬ್ಯಾಕ್, ಬೇರೆಯಾದಾಗ ಹುಟ್ಟುವ ಅರ್ಧ ಗೊಂದಲ ಇಲ್ಲಿ ತಾನಾಗಿ ತಪ್ಪುತ್ತದೆ.

ನಾನು ಮೊದಲು ಹುಡುಕುವುದು ಛೇದವನ್ನು. ಎಷ್ಟು ಗಜ ಬಂತು ಎನ್ನುವುದಕ್ಕಿಂತ ಎಷ್ಟು ಎಸೆತಕ್ಕೆ ಬಂತು ಎನ್ನುವುದು ಮುಖ್ಯ. ರಿಸೀವರ್ ಕಡೆಗೆ ಎಸೆದ ಚೆಂಡಿಗೆ ಟಾರ್ಗೆಟ್ ಎನ್ನುತ್ತಾರೆ. ಹಿಡಿದರೂ ಟಾರ್ಗೆಟ್ಟೇ, ಬಿಟ್ಟರೂ ಟಾರ್ಗೆಟ್ಟೇ. ಜಾನ್ಸನ್‌ಗೆ 204 ಟಾರ್ಗೆಟ್, 122 ಕ್ಯಾಚ್. ಕಪ್‌ಗೆ 191 ಟಾರ್ಗೆಟ್, 145 ಕ್ಯಾಚ್. ಪ್ರತಿ ಟಾರ್ಗೆಟ್‌ಗೆ ಜಾನ್ಸನ್ 9.6 ಗಜ, ಕಪ್ 10.2. ಹಿಡಿದ ಪ್ರಮಾಣ ಶೇ. 60 ಮತ್ತು ಶೇ. 76. ಇಲ್ಲಿಗೇ ನಿಲ್ಲಿಸಿ ಕಪ್‌ನದೇ ಗೆಲುವು ಎಂದು ಹೇಳುವವರೇ ಜಾಸ್ತಿ. ಆದರೆ ಪ್ರತಿ ಕ್ಯಾಚ್‌ಗೆ ಜಾನ್ಸನ್‌ದು 16.1 ಗಜ, ಕಪ್‌ದು 13.4. ಚೆಂಡು ದೂರ ಹೋದಷ್ಟೂ ಕೈಗೆ ಸಿಗುವುದು ಕಡಿಮೆ. ಆದ್ದರಿಂದ ಹಿಡಿದ ಪ್ರಮಾಣವನ್ನು ಎಸೆತದ ದೂರದ ಜೊತೆ ಇಟ್ಟೇ ಓದಬೇಕು, ಅದೊಂದನ್ನೇ ಯಾರ ಮುಖಕ್ಕೂ ಹಿಡಿಯಬಾರದು.

ಮುಂದಿನ ಹೆಜ್ಜೆ ಬಹಳ ಜನ ಹಾಕುವುದಿಲ್ಲ. ತಂಡದ ಒಟ್ಟು ಲೆಕ್ಕದಿಂದ ಈ ಒಬ್ಬನನ್ನು ಕಳೆಯುತ್ತೇನೆ. ಲಯನ್ಸ್ ಆ ವರ್ಷ ಎಸೆದದ್ದು 740 ಸಲ: ಸ್ಟಾಫರ್ಡ್ 727, ಬದಲಿ ಕ್ವಾರ್ಟರ್‌ಬ್ಯಾಕ್ ಶಾನ್ ಹಿಲ್ 13. ಇಬ್ಬರದೂ ಸೇರಿ 4,967 ಮತ್ತು 172, ಅಂದರೆ 5,139 ಗಜ. ಅದರಲ್ಲಿ ಜಾನ್ಸನ್‌ನ 204 ಎಸೆತ, 1,964 ಗಜ ತೆಗೆದರೆ ಉಳಿಯುವುದು 536 ಎಸೆತಕ್ಕೆ 3,175 ಗಜ. ಎಸೆತಕ್ಕೆ 5.9. ಕಪ್‌ಗೂ ಹೀಗೆಯೇ: 2021ರಲ್ಲಿ ಸ್ಟಾಫರ್ಡ್ ಒಬ್ಬನ ಲೆಕ್ಕ 601 ಎಸೆತ, 4,886 ಗಜ. ಕಪ್‌ನ ಪಾಲು ಕಳೆದರೆ 410 ಎಸೆತಕ್ಕೆ 2,939, ಅಂದರೆ 7.2. ಈಗ ನೋಡಿ: ಜಾನ್ಸನ್ ತನ್ನ ಜೊತೆಯವರಿಗಿಂತ ಪ್ರತಿ ಎಸೆತಕ್ಕೆ 3.7 ಗಜ ಮೇಲಿದ್ದ, ಕಪ್ 3.0 ಗಜ ಮೇಲಿದ್ದ. ಮೇಲ್ನೋಟಕ್ಕೆ ಹಿಂದೆ ಬಿದ್ದಿದ್ದವನು ಈ ಲೆಕ್ಕದಲ್ಲಿ ಮುಂದೆ ಬಂದ. ಲಯನ್ಸ್‌ನ ಎಸೆತದಾಟ ಅವನಿಲ್ಲದೆ ನೆಲ ಕಚ್ಚುತ್ತಿತ್ತು. ರ‍್ಯಾಮ್ಸ್‌ನದು ಕಪ್ ಇಲ್ಲದೆಯೂ ಒಂದು ಮಟ್ಟಕ್ಕೆ ನಡೆಯುತ್ತಿತ್ತು.

ಈ ಕಳೆಯುವ ಲೆಕ್ಕದಲ್ಲಿ ಒಂದು ಕೊರತೆ ಇದೆ. ಒತ್ತಡದಲ್ಲಿ ಕ್ವಾರ್ಟರ್‌ಬ್ಯಾಕ್ ಬೇಕೆಂದೇ ಗೆರೆಯಾಚೆ ಬಿಸಾಡಿದ ಚೆಂಡು, ಗಡಿಯಾರ ನಿಲ್ಲಿಸಲು ನೆಲಕ್ಕೆ ಕುಕ್ಕಿದ ಚೆಂಡು, ಇವು ಯಾರ ಟಾರ್ಗೆಟ್ಟೂ ಅಲ್ಲ, ಆದರೆ ತಂಡದ ಎಸೆತದಲ್ಲಿ ಸೇರಿರುತ್ತವೆ. ಅವೆಲ್ಲ ‘ಉಳಿದವರ’ ಖಾತೆಗೆ ಬಿದ್ದು ಅವರ ಸರಾಸರಿಯನ್ನು ಇಳಿಸುತ್ತವೆ. ಎರಡೂ ಕಡೆ ಒಂದೇ ಅಳತೆ ಇಟ್ಟರೆ ಹೋಲಿಕೆ ಕೆಡುವುದಿಲ್ಲ. ಒಬ್ಬನಿಗೆ ಒಟ್ಟು ಎಸೆತ, ಇನ್ನೊಬ್ಬನಿಗೆ ಒಟ್ಟು ಟಾರ್ಗೆಟ್ ಎಂದು ಛೇದ ಬದಲಿಸಿದರೆ ಮಾತ್ರ ಎಲ್ಲ ಹಾಳು. ಎರಡು ಜಾಲತಾಣಗಳಲ್ಲಿ ಒಬ್ಬನೇ ಆಟಗಾರನ ಟಾರ್ಗೆಟ್ ಪಾಲು ಬೇರೆ ಬೇರೆ ಕಾಣಲು ಮುಖ್ಯ ಕಾರಣ ಇದೇ. ಎರಡನೆಯ ಕಾರಣ, ಚೆಂಡು ಯಾರಿಗೆಂದು ಎಸೆದದ್ದು ಎನ್ನುವುದನ್ನು ಕುಳಿತು ನೋಡಿದವರು ನಿರ್ಧರಿಸುತ್ತಾರೆ. ಇಬ್ಬರು ರಿಸೀವರ್‌ಗಳ ನಡುವೆ ಬಿದ್ದ ಚೆಂಡಿನ ಬಗ್ಗೆ ಇಬ್ಬರು ನೋಡುಗರಿಗೆ ಒಮ್ಮತ ಇರಬೇಕೆಂದಿಲ್ಲ.

ಲೆಕ್ಕದ ಮೂಲ ಎಲ್ಲಿಂದ? ಸೀಸನ್ ಒಟ್ಟು ಮಾತ್ರ ಸಾಕಾದರೆ ಪ್ರೊ ಫುಟ್‌ಬಾಲ್ ರೆಫರೆನ್ಸ್ ಜಾಲತಾಣ. ಒಂದೊಂದು ಆಟವನ್ನೂ (ಪಂದ್ಯವಲ್ಲ, ಚೆಂಡು ಹೊರಟು ನಿಲ್ಲುವವರೆಗಿನ ಒಂದು ಪ್ರಯತ್ನ) ಬಿಡಿಸಬೇಕಾದರೆ ಎನ್‌ಎಫ್‌ಎಲ್‌ವರ್ಸ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 1999ರಿಂದ ಈಚಿನ ಪ್ರತಿ ಆಟದ ದತ್ತಾಂಶ ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡು ನೇರ ಮೊತ್ತ ಹಾಕಿದರೆ ಮಾತ್ರ ಖಂಡಿತ ತಪ್ಪುತ್ತದೆ. ಅದರಲ್ಲಿ ‘ಪಾಸ್ ಅಟೆಂಪ್ಟ್’ ಎಂಬ ಕಾಲಂನಲ್ಲಿ ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು) ಕೂಡ 1 ಎಂದು ದಾಖಲಾಗಿರುತ್ತದೆ. ಸ್ಯಾಕ್ ತೆಗೆಯದಿದ್ದರೆ ಛೇದ ಉಬ್ಬಿ ಎಲ್ಲ ರಿಸೀವರ್‌ಗಳ ಪಾಲೂ ಕುಗ್ಗುತ್ತದೆ, ಮತ್ತು ಸ್ಯಾಕ್ ಜಾಸ್ತಿ ತಿಂದ ತಂಡದವರದು ಇನ್ನೂ ಕುಗ್ಗುತ್ತದೆ. ಟಚ್‌ಡೌನ್ ನಂತರದ ಎರಡು ಅಂಕದ ಪ್ರಯತ್ನಗಳೂ ಸಾಲುಗಳಾಗಿ ಕುಳಿತಿರುತ್ತವೆ. ಅಧಿಕೃತ ಗಜದಲ್ಲಿ ಅವು ಸೇರುವುದಿಲ್ಲ, ತೆಗೆಯಬೇಕು. ನಿಯಮಿತ ಸೀಸನ್ ಮತ್ತು ಪ್ಲೇಆಫ್ ಒಂದೇ ಕಡತದಲ್ಲಿರುತ್ತವೆ, ಬೇರ್ಪಡಿಸಬೇಕು. ಆಟಗಾರನನ್ನು ಹೆಸರಿನಿಂದ ಹುಡುಕದೆ ಗುರುತಿನ ಸಂಖ್ಯೆಯಿಂದ ಹುಡುಕಬೇಕು, ಏಕೆಂದರೆ ಅಲ್ಲಿ ಹೆಸರು ಮೊದಲಕ್ಷರ ಮತ್ತು ಅಡ್ಡಹೆಸರಷ್ಟೇ, ಜಾನ್ಸನ್‌ಗಳಿಗೇನು ಬರವೇ? ಇಷ್ಟೆಲ್ಲ ಸರಿಯಾಯಿತೇ ಎಂದು ತಿಳಿಯಲು ಸುಲಭ ದಾರಿ: ನಿಮ್ಮ ಮೊತ್ತ ಜಾನ್ಸನ್‌ಗೆ ಸರಿಯಾಗಿ 122 ಕ್ಯಾಚ್, 1,964 ಗಜ ತೋರಿಸಬೇಕು. ಒಂದು ಗಜ ಆಚೀಚೆ ಆದರೂ ಮುಂದಕ್ಕೆ ಹೋಗಬೇಡಿ.

ಇನ್ನು ಪಾತ್ರ. ಇದನ್ನು ಬಿಟ್ಟು ಅಂಕಿ ಹೋಲಿಸುವುದೆಂದರೆ ಆರಂಭಿಕ ಬ್ಯಾಟರ್‌ನ ಸ್ಟ್ರೈಕ್ ರೇಟನ್ನು ಕೊನೆ ಓವರಿನಲ್ಲಿ ಬಂದವನ ಜೊತೆ ತೂಗಿದಂತೆ. ನಿಯಮದ ಪ್ರಕಾರ ಚೆಂಡು ಸ್ನ್ಯಾಪ್ ಆಗುವಾಗ, ಅಂದರೆ ಹಿಂದಕ್ಕೆ ಕೊಟ್ಟು ಆಟ ಶುರುವಾಗುವಾಗ, ದಾಳಿ ತಂಡದ ಕನಿಷ್ಠ 7 ಮಂದಿ ಚೆಂಡು ಇಟ್ಟ ಗೆರೆಯ ಮೇಲಿರಬೇಕು. ಅದರಲ್ಲಿ 5 ಮಂದಿ ಲೈನ್‌ಮನ್‌ಗಳು. ಗೆರೆಯ ತುದಿಯಲ್ಲಿ ನಿಲ್ಲುವ ರಿಸೀವರ್‌ಗೆ ‘ಎಕ್ಸ್’ ಎನ್ನುತ್ತಾರೆ. ಗೆರೆಯ ಮೇಲಿದ್ದವನು ಸ್ನ್ಯಾಪ್ ಹೊತ್ತಿಗೆ ಓಡುತ್ತಿರುವಂತಿಲ್ಲ. ಅಂದರೆ ಎದುರಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿ ಅವನನ್ನು ಕಾಯುವ ಕಾರ್ನರ್‌ಬ್ಯಾಕ್ ಎದೆಗೆ ಕೈ ಕೊಡಲು ಸಿದ್ಧನಾಗಿ ನಿಂತಿರುತ್ತಾನೆ, ತಪ್ಪಿಸಿಕೊಳ್ಳಲು ಜಾಗವಿಲ್ಲ. ಒಂದು ಹೆಜ್ಜೆ ಹಿಂದೆ ನಿಲ್ಲುವ ‘ಜಡ್’ ಮತ್ತು ಒಳಗೆ ನಿಲ್ಲುವ ‘ಸ್ಲಾಟ್’ ರಿಸೀವರ್‌ಗೆ ಓಡುತ್ತಲೇ ಆಟ ಶುರುಮಾಡುವ ಸ್ವಾತಂತ್ರ್ಯವಿದೆ. ಕಪ್ ಹೆಚ್ಚಾಗಿ ಸ್ಲಾಟ್‌ನಲ್ಲಿ, ಲೈನ್‌ಮನ್‌ಗಳಿಗೆ ಹತ್ತಿರ ನಿಲ್ಲುತ್ತಿದ್ದ. ಎರಡೂ ಕಡೆ ಓಡಲು ಜಾಗ, ಎದುರಾಳಿ ಕೈಗೆಟುಕದಷ್ಟು ದೂರ. ಜೊತೆಗೆ ರನ್ ಆಟದಲ್ಲಿ, ಅಂದರೆ ತಂಡದವರು ಎಸೆಯದೆ ಚೆಂಡು ಹಿಡಿದು ಓಡುವಾಗ, ಒಳಗೆ ನುಗ್ಗಿ ಎದುರಾಳಿಯ ನಡುಸಾಲಿನ ಲೈನ್‌ಬ್ಯಾಕರ್‌ಗೆ ಅಡ್ಡ ನಿಲ್ಲುವ ಕೆಲಸವೂ ಅವನದೇ. ಆ ಅಡ್ಡಗಟ್ಟುವಿಕೆ ಯಾವ ಅಂಕಿಯಲ್ಲೂ ಬರುವುದಿಲ್ಲ. ಆದರೆ ಅದು ಇದ್ದುದರಿಂದಲೇ ಅವನು ನಿಂತ ಜಾಗ ನೋಡಿ ಬರುವುದು ರನ್ನೋ ಪಾಸೋ ಎಂದು ಎದುರಾಳಿಗೆ ಹೇಳಲಾಗುತ್ತಿರಲಿಲ್ಲ. ಕಪ್‌ನ ಟಾರ್ಗೆಟ್‌ಗಳು ಸುಲಭವಾಗಿ ಕಂಡರೆ ಆ ಸುಲಭದಲ್ಲಿ ಅವನದೇ ದುಡಿಮೆ ಇದೆ. ಜಾನ್ಸನ್ ಹೆಚ್ಚಾಗಿ ಹೊರಗಡೆ, ಮುಂದೊಬ್ಬ ಕಾರ್ನರ್, ಅವನ ಹಿಂದೆ ಆಳದಲ್ಲಿ ಕಾಯುವ ಸೇಫ್ಟಿ ಇನ್ನೊಬ್ಬ.

ಅಂಕಿಗೆ ಸಿಗದ ಕೆಲಸ ಎಂದರೆ ಏನು ಎನ್ನುವುದಕ್ಕೆ 2022ರ ಫೆಬ್ರವರಿ 13ರ ಸೂಪರ್ ಬೌಲ್‌ನಲ್ಲಿ (ಸೀಸನ್ನಿನ ಫೈನಲ್) ಗೆಲುವು ತಂದ ಡ್ರೈವ್‌ಗಿಂತ, ಅಂದರೆ ಚೆಂಡು ತನ್ನ ಬಳಿಯಿದ್ದ ಸರದಿಗಿಂತ, ಒಳ್ಳೆಯ ಪಾಠ ಇಲ್ಲ. ಸಿನ್ಸಿನಾಟಿ ಬೆಂಗಾಲ್ಸ್ ಮುಂದಿತ್ತು. ರ‍್ಯಾಮ್ಸ್ ತನ್ನ 21ನೇ ಗಜದಿಂದ ಹೊರಟು 15 ಆಟದಲ್ಲಿ 79 ಗಜ ಹೋಯಿತು. ಇನ್ನೊಬ್ಬ ಮುಖ್ಯ ರಿಸೀವರ್ ಒಡೆಲ್ ಬೆಕಮ್ ಎರಡನೇ ಕ್ವಾರ್ಟರಿನಲ್ಲೇ ಮಂಡಿ ನೋವಿನಿಂದ ಹೊರಹೋಗಿದ್ದ, ಎಲ್ಲರ ಕಣ್ಣೂ ಕಪ್ ಮೇಲೆ. ತನ್ನದೇ 30ನೇ ಗಜದಲ್ಲಿ ನಾಲ್ಕನೇ ಡೌನ್ (10 ಗಜ ಹೋಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಕೊನೆಯದು), ಬೇಕಾದದ್ದು 1 ಗಜ. ಕಪ್ ಪಕ್ಕದಿಂದ ಓಡಿ ಬಂದು ಚೆಂಡನ್ನು ಕೈಯಿಂದ ಕೈಗೆ ತೆಗೆದುಕೊಂಡು 7 ಗಜ ಹೋದ. ಅಲ್ಲಿ ತಪ್ಪಿದ್ದರೆ ಬಹುಪಾಲು ಪಂದ್ಯವೇ ಮುಗಿಯುತ್ತಿತ್ತು. ರಿಸೀವಿಂಗ್ ಖಾತೆಯಲ್ಲಿ ಅದಕ್ಕೆ ಸೊನ್ನೆ. ಗೋಲ್ ಹತ್ತಿರ ಅವನು ಹಿಡಿದ ಒಂದು ಟಚ್‌ಡೌನ್ ಎರಡೂ ತಂಡಗಳ ಫೌಲ್‌ನಿಂದ ರದ್ದಾಯಿತು, ಅದಕ್ಕೂ ಸೊನ್ನೆ. ಮುಂದಿನ ಎಸೆತ ಅವನಿಗೇ, ಎದುರಾಳಿ ಅಡ್ಡಿಪಡಿಸಿ ದಂಡ ತೆತ್ತ, ಚೆಂಡು 1 ಗಜದ ಗೆರೆಗೆ ಬಂತು; ಮತ್ತೆ ಸೊನ್ನೆ. ಈ ನಾಲ್ಕರಲ್ಲಿ, ಕೊನೆಗೆ 1 ನಿಮಿಷ 25 ಸೆಕೆಂಡ್ ಬಾಕಿ ಇರುವಾಗ ಹಿಡಿದ 1 ಗಜದ ಕ್ಯಾಚ್ ಮಾತ್ರ ‘ಒಂದು ಕ್ಯಾಚ್, ಒಂದು ಗಜ, ಒಂದು ಟಚ್‌ಡೌನ್’ ಎಂದು ಬರೆಸಿಕೊಂಡಿತು. ರ‍್ಯಾಮ್ಸ್ 23-20ರಲ್ಲಿ ಗೆದ್ದಿತು. ಕಪ್‌ನ ಸಾಲಿನಲ್ಲಿ ಇರುವುದು 8 ಕ್ಯಾಚ್, 92 ಗಜ, 2 ಟಚ್‌ಡೌನ್.

ಆದ್ದರಿಂದ ನನ್ನ ಹಾಳೆಯಲ್ಲಿ ಪಾಸ್ ಅಡ್ಡಿಯ ದಂಡಕ್ಕೆ ಪ್ರತ್ಯೇಕ ಕಾಲಂ ಇದೆ. ಎನ್‌ಎಫ್‌ಎಲ್‌ನಲ್ಲಿ ಅಡ್ಡಿ ಆದ ಜಾಗಕ್ಕೇ ಚೆಂಡು ಹೋಗುತ್ತದೆ. 40 ಗಜ ದೂರದಲ್ಲಿ ಎದುರಾಳಿ ಅಂಗಿ ಎಳೆದರೆ ತಂಡಕ್ಕೆ 40 ಗಜ, ರಿಸೀವರ್‌ಗೆ ಟಾರ್ಗೆಟ್ ಕೂಡ ಇಲ್ಲ. ದೂರದ ಓಟಗಾರರಿಗೆ ಇದರಿಂದ ಆಗುವ ನಷ್ಟ ಹೆಚ್ಚು.

ಪಾತ್ರ ಅಂಕಿಯನ್ನು ಹೇಗೆ ತಿರುಚುತ್ತದೆ ಎನ್ನುವುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಡೀಬೊ ಸ್ಯಾಮ್ಯುಯೆಲ್‌ನ 2021 ನೋಡಬೇಕು. 121 ಟಾರ್ಗೆಟ್, 77 ಕ್ಯಾಚ್, 1,405 ಗಜ. ಪ್ರತಿ ಟಾರ್ಗೆಟ್‌ಗೆ 11.6, ಕಪ್‌ಗಿಂತಲೂ ಜಾಸ್ತಿ. ಅದರ ಮೇಲೆ 59 ಸಲ ಚೆಂಡು ಹಿಡಿದು ಓಡಿ 365 ಗಜ, 8 ಟಚ್‌ಡೌನ್. ನವೆಂಬರ್ ಮಧ್ಯದಿಂದ ಅವನನ್ನು ಹಿಂದೆ ನಿಲ್ಲಿಸಿ ಓಡಿಸತೊಡಗಿದರು. ಆಮೇಲೆ ಕ್ಯಾಚ್ ಇಳಿಯಿತೆಂದು ‘ಫಾರ್ಮ್ ಹೋಯಿತು’ ಎಂದವರು ಕಾಲಂ ಬದಲಾದದ್ದನ್ನು ಗಮನಿಸಲಿಲ್ಲ. ಇಂಥವರಿಗೆ ಕ್ಯಾಚ್ ಮತ್ತು ಓಟ ಕೂಡಿಸಿ ಒಟ್ಟು 1,770 ಗಜ ಎಂದೇ ನೋಡುತ್ತೇನೆ. ಇದರಲ್ಲಿ ಒಂದು ತಮಾಷೆಯೂ ಇದೆ. ಪಕ್ಕದಿಂದ ಓಡಿ ಬರುವವನಿಗೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಕೈಗೆ ಕೊಟ್ಟರೆ ಅದು ಓಟ. ಅದೇ ಚೆಂಡನ್ನು ಗಾಳಿಯಲ್ಲಿ ಒಂದು ಗೇಣು ಮುಂದಕ್ಕೆ ಚಿಮ್ಮಿಸಿದರೆ ಪಾಸ್, ಹಿಡಿದವನಿಗೆ ಕ್ಯಾಚ್. ಆಟ ಒಂದೇ, ಖಾತೆ ಬೇರೆ. ಈ ಎಸೆತದ ಗಾಳಿ-ಗಜ (ಆಟ ಶುರುವಾದ ಗೆರೆಯಿಂದ ಚೆಂಡು ಗಾಳಿಯಲ್ಲಿ ಮುಂದೆ ಹೋದ ದೂರ) ಸೊನ್ನೆಗಿಂತ ಕೆಳಗೆ. ಇಂಥವು ಸೀಸನ್‌ನಲ್ಲಿ ಹತ್ತಿಪ್ಪತ್ತು ಸೇರಿದರೆ ಹಿಡಿದ ಪ್ರಮಾಣ ಏರುತ್ತದೆ, ಎಸೆತದ ಸರಾಸರಿ ದೂರ ಇಳಿಯುತ್ತದೆ, ಆಟಗಾರ ಮಾತ್ರ ಅವನೇ. ನಾನು ಗೆರೆಯ ಹಿಂದಿನ ಟಾರ್ಗೆಟ್‌ಗಳನ್ನು ತೆಗೆದು ಇನ್ನೊಂದು ಸಲ ಲೆಕ್ಕ ಹಾಕಿ ಎರಡನ್ನೂ ಅಕ್ಕಪಕ್ಕ ಇಡುತ್ತೇನೆ.

ಚಿಕ್ಕ ಎಸೆತ ಎಂದರೆ ಕಳಪೆ ಎಂದಲ್ಲ. ನ್ಯೂ ಆರ್ಲಿಯನ್ಸ್‌ನ ಮೈಕಲ್ ಥಾಮಸ್ 2019ರಲ್ಲಿ 185 ಟಾರ್ಗೆಟ್‌ಗೆ 149 ಕ್ಯಾಚ್ ಹಿಡಿದು ದಾಖಲೆ ಮಾಡಿದ, ಕ್ಯಾಚ್‌ಗೆ 11.6 ಗಜ ಮಾತ್ರ ಎಂದು ಗೇಲಿ ಮಾಡಿದವರು ಕಡಿಮೆಯಿಲ್ಲ. ಅವನಿಗೆ ನಾನು ಇಡುವ ಅಳತೆ ಯಶಸ್ಸಿನ ಪ್ರಮಾಣ: ಮೊದಲ ಡೌನ್‌ನಲ್ಲಿ ಬೇಕಾದ ದೂರದ ಶೇ. 40, ಎರಡನೆಯದರಲ್ಲಿ ಶೇ. 60, ಮೂರು-ನಾಲ್ಕರಲ್ಲಿ ಪೂರ್ತಿ ಬಂದರೆ ಆ ಆಟ ಗೆದ್ದಂತೆ. ಮೂರನೇ ಡೌನ್, 4 ಗಜ ಬೇಕಾದಾಗ ಹಿಡಿದ 5 ಗಜ ಯಶಸ್ಸು. 15 ಬೇಕಾದಾಗ ಹಿಡಿದ 12 ಸೋಲು. ಒಟ್ಟು ಗಜದಲ್ಲಿ ಮಾತ್ರ ಹನ್ನೆರಡೇ ದೊಡ್ಡದು. ಜೊತೆಗೆ ಆ ವರ್ಷ ಡ್ರೂ ಬ್ರೀಸ್ ಹೆಬ್ಬೆರಳ ಗಾಯದಿಂದ ಹೊರಗಿದ್ದ 5 ಪಂದ್ಯದಲ್ಲಿ ಟೆಡ್ಡಿ ಬ್ರಿಜ್‌ವಾಟರ್ ಆಡಿದ. ಥಾಮಸ್‌ನ ಲೆಕ್ಕವನ್ನು ಆ ಗೆರೆಯಲ್ಲಿ ಎರಡು ತುಂಡು ಮಾಡದೆ ಅವನು ಬ್ರೀಸ್‌ನ ನೆರಳು ಎಂದು ಹೇಳುವುದು ಸೋಮಾರಿತನ.

ಲಯನ್ಸ್ 2012ರಲ್ಲಿ 4 ಗೆದ್ದು 12 ಸೋತಿತು, ರ‍್ಯಾಮ್ಸ್ 2021ರಲ್ಲಿ 12 ಗೆದ್ದು 5 ಸೋತಿತು. ಸೋಲುತ್ತಿರುವ ತಂಡ ಹೆಚ್ಚು ಎಸೆಯುತ್ತದೆ, ಮುಂದಿರುವ ಎದುರಾಳಿ ಹಿಂದೆ ಸರಿದು ಚಿಕ್ಕದನ್ನು ಬಿಟ್ಟುಕೊಡುತ್ತಾನೆ. ಇದಕ್ಕೆ ಗೆಲುವಿನ ಸಾಧ್ಯತೆ ಶೇ. 20ರಿಂದ 80ರ ನಡುವೆ ಇದ್ದ ಆಟಗಳನ್ನಷ್ಟೇ ಉಳಿಸಿಕೊಂಡು ಇನ್ನೊಮ್ಮೆ ಕೂಡಿಸುತ್ತೇನೆ. ಮಿತಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಉತ್ತರ ನೋಡಿ ಆಮೇಲೆ 20ನ್ನು 10ಕ್ಕೆ ಇಳಿಸಿದರೆ ಅದು ಲೆಕ್ಕವಲ್ಲ, ವಕಾಲತ್ತು.

ಟಚ್‌ಡೌನ್‌ಗೆ ನಾನು ಕಡಿಮೆ ತೂಕ ಕೊಡುತ್ತೇನೆ. ಸ್ಟಾಫರ್ಡ್ 2021ರಲ್ಲಿ ಎಸೆದದ್ದು 41, ಕಪ್‌ನ ಪಾಲು 16. 2012ರಲ್ಲಿ ಲಯನ್ಸ್‌ಗೆ ಎಸೆತದಿಂದ ಬಂದದ್ದೇ 22, ಜಾನ್ಸನ್‌ನ ಪಾಲು 5. ಅದೇ ವರ್ಷ ರನ್ನಿಂಗ್ ಬ್ಯಾಕ್ ಮೈಕೆಲ್ ಲೆಶೂರ್ ಓಡಿ 9 ಮಾಡಿದ. ಗೋಲ್ ಹತ್ತಿರ ಯಾರಿಗೆ ಕೊಡುವುದೆಂಬುದು ಕೋಚ್ ಕೈಯಲ್ಲಿದೆ. 10 ಗಜದೊಳಗಿನ ಟಾರ್ಗೆಟ್ ಎಷ್ಟು, ಗೋಲ್ ಗೆರೆಯಾಚೆಯ ಎಂಡ್ ಜೋನ್‌ಗೇ ಎಸೆದದ್ದೆಷ್ಟು ಎಂದು ಎಣಿಸಿ, ಅದರಲ್ಲಿ ಎಷ್ಟು ಹಿಡಿದ ಎನ್ನುವುದನ್ನು ಪಕ್ಕಕ್ಕೆ ಬರೆಯುತ್ತೇನೆ. ಒಬ್ಬನ ಒಂದು ಸೀಸನ್‌ನಲ್ಲಿ ಇವು ಕೆಲವೇ ಕೆಲವು. ಎರಡು ಚೆಂಡು ಬೆರಳ ತುದಿಯಲ್ಲಿ ಜಾರಿದರೂ ಪ್ರಮಾಣ ಅಡಿಮೇಲಾಗುತ್ತದೆ, ಹಾಗಾಗಿ ಆ ಕಾಲಂನಲ್ಲಿ ಶೇಕಡಾವಾರು ಬರೆಯುವುದೇ ಇಲ್ಲ, ಎಣಿಕೆ ಮಾತ್ರ.