ಊರಲ್ಲಿ ಪದೇ ಪದೇ ನೆಲ ಗುಡುಗ್ತಿದ್ರೆ ಏನ್ ಮಾಡ್ಬೇಕು

2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಢಬ್ ಅಂತ ಸದ್ದು, ಆಮೇಲೆ ನಡುಕ, ಅದೂ ಮತ್ತೆ ಮತ್ತೆ, ಜನ ಹೆದರಿ ರಾತ್ರಿ ಹೊರಗೇ ಮಲಗಿದ್ರು, ಎಷ್ಟೋ ಜನ ಊರೇ ಬಿಟ್ರು. ಅವರು ಮಾಡಿದ್ದು ಸರಿ ಅಂತಾನೇ ನಾನ್ ಹೇಳೋದು. ಮಹಾರಾಷ್ಟ್ರದ ಕಿಲ್ಲಾರಿಲೂ 1992ರಲ್ಲಿ ಸಣ್ಣ ಸಣ್ಣ ಕಂಪನ ಆಗಿದ್ವು, 1993 ಸೆಪ್ಟೆಂಬರ್ 30ರ ಬೆಳಗಿನ ಜಾವ 6.2 ತೀವ್ರತೆಯ ಭೂಕಂಪ ಬಂತು, ಹತ್ರ ಹತ್ರ 10 ಸಾವಿರ ಜನ ಹೋದ್ರು, ಕಲ್ಲು ಮಣ್ಣಿನ ಗೋಡೆ, ಅದ್ರ ಮೇಲೆ ಹೇರಿದ್ದ ಮಣ್ಣಿನ ಮಾಳಿಗೆ, ಎಲ್ಲಾ ಮಲಗಿದ್ದವರ ಮೇಲೇ ಬಿತ್ತು. ಹಾಗಂತ ಎಲ್ಲಾ ಕಡೆ ದೊಡ್ಡದು ಬರುತ್ತೆ ಅಂತಲ್ಲ, ಬಹಳಷ್ಟು ಕಡೆ ತಾನಾಗೇ ನಿಂತೋಗುತ್ತೆ, ಆದ್ರೆ ಮುಂಚೆ ಹೇಳೋಕೆ ಯಾರಿಗೂ ಆಗಲ್ಲ.

ನಾವು ಪ್ಲೇಟ್, ಅಂದ್ರೆ ಭೂಮಿ ಮೇಲ್ಪದರದ ದೊಡ್ಡ ಬಂಡೆ ಹಲಗೆ, ಅದ್ರ ಅಂಚಲ್ಲಿಲ್ಲ ನಿಜ, ಆದ್ರೆ ಇಡೀ ಭಾರತದ ಪ್ಲೇಟು ಉತ್ತರಕ್ಕೆ ಒತ್ತುತ್ತಾ ಇರೋದ್ರಿಂದ ನೆಲದೊಳಗಿನ ಹಳೇ ಬಿರುಕುಗಳ ಮೇಲೂ ಒತ್ತಡ ಇರುತ್ತೆ, ಜೋರು ಮಳೆಗಾಲದ ನೀರು ಅಲ್ಲಿಗೆ ಇಳಿದ್ರೆ ಬಂಡೆ ಜಾರೋದು ಸುಲಭ. ಕಡಿಮೆ ಆಳದಲ್ಲಿ ಜಾರೋದ್ರಿಂದ್ಲೇ ಆ ಸದ್ದು.

ಮೊದಲು ತಲೆ ಮೇಲೇನಿದೆ ನೋಡಿ. ಮಾಳಿಗೆ ಮನೆ ಆಗಿದ್ರೆ ಕಂಪನ ನಿಲ್ಲೋವರೆಗೂ ಅಂಗಳದಲ್ಲೋ ಪತ್ರಾಸ್ (ತಗಡಿನ) ಶೆಡ್ಡಲ್ಲೋ ಮಲಗಿ, ಗೋಡೆಗೆ ಅಂಟ್ಕೊಂಡು ಬೇಡ, ವಯಸ್ಸಾದವರು ಮಕ್ಕಳನ್ನಂತೂ ಒಳಗೆ ಮಲಗಿಸ್ಲೇಬೇಡಿ. ಒಳಗಿದ್ದಾಗ ಅಲುಗಿದ್ರೆ, ಬಾಗಿಲು ಎರಡು ಹೆಜ್ಜೆಲಿದ್ರೆ ಹೊರಗೆ ಬನ್ನಿ. ಆರ್‌ಸಿಸಿ ಮನೆ ಆದ್ರೆ ಗಟ್ಟಿ ಟೇಬಲ್ ಕೆಳಗೆ ಕೂತು ತಲೆ ಮುಚ್ಕೊಳ್ಳಿ, ಮೆಟ್ಟಿಲಲ್ಲಿ ಓಡ್ಬೇಡಿ. ಅಟ್ಟದ ಮೇಲಿನ ಭಾರದ ಸಾಮಾನು ಇವತ್ತೇ ಇಳಿಸಿ.

ಗೋಡೆ ಬಿರುಕಿನ ತುದಿಲಿ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೀರಿ, ಬಿರುಕು ಗೆರೆ ದಾಟಿದ್ರೆ ಆ ಕೋಣೆ ಖಾಲಿ ಮಾಡಿ. "ಸಣ್ಣದು ಆಗ್ತಿದ್ರೆ ಒತ್ತಡ ಎಲ್ಲಾ ಹೊರಗೆ ಹೋಗುತ್ತೆ, ಒಳ್ಳೇದೇ" ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ, 6ರ ಒಂದು ಭೂಕಂಪದ ಶಕ್ತಿ 4ರದ್ದು ಸುಮಾರು ಸಾವಿರ ಸೇರಿದ್ರೆ ಆಗೋವಷ್ಟು.

ಇನ್ನೊಂದು, ಪ್ರತಿ ಸಲ ಟೈಮು, ಎಷ್ಟು ಸೆಕೆಂಡ್, ಸದ್ದು ಬಂತಾ, ಏನೇನ್ ಬಿತ್ತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋಗಿ. ತೀರಾ ಸಣ್ಣದು ದೂರದ ಸಿಸ್ಮೋಮೀಟರ್‌ಗೆ (ಕಂಪನ ಅಳೆಯೋ ಯಂತ್ರ) ಸಿಗದೇ ಹೋಗಬಹುದು, ಆಗ ನಿಮ್ಮ ಪಟ್ಟಿನೇ ದಾಖಲೆ, ಅದನ್ನ ಹಿಡ್ಕೊಂಡು ಪಂಚಾಯ್ತಿಯವರ ಜೊತೆ ತಹಶೀಲ್ದಾರ್ ಹತ್ರ ಹೋಗಿ ಊರಲ್ಲೇ ಒಂದು ಸಿಸ್ಮೋಮೀಟರ್ ಇಡ್ಸಿ, ರಾತ್ರಿ ಮಲಗೋಕೆ ಶೆಡ್ ಹಾಕಿಸ್ಕೊಡಿ ಅಂತ ಕೇಳಿ.