ಮಗುವಿನ ಗುಲ್ಮ ತೆಗೆಸುವ ಮುನ್ನ, ತೆಗೆಸಿದ ಮೇಲೆ

ಹುಟ್ಟಿನಿಂದ ಬರುವ ರಕ್ತಹೀನತೆಯಾದ ಥಲಸ್ಸೇಮಿಯಾದಲ್ಲಿ ಗುಲ್ಮ (ಸ್ಪ್ಲೀನ್, ಹಳೆಯ ರಕ್ತಕಣಗಳನ್ನು ನುಂಗುವ ಅಂಗ) ತೆಗೆಯುವ ಮಾತು ಬರುವುದು ಹೆಚ್ಚಾಗಿ ಒಂದು ಲೆಕ್ಕದಿಂದ: ವರ್ಷಕ್ಕೆ ಏರಿಸುವ ಪ್ಯಾಕ್ಡ್ ಸೆಲ್ (ಕೆಂಪುಕಣಗಳನ್ನು ಬೇರ್ಪಡಿಸಿದ) ರಕ್ತ ಮಗುವಿನ ತೂಕದ ಕಿಲೋಗೆ 200–220 ಮಿ.ಲೀ. ದಾಟಿದಾಗ. ಹಾಗಾಗಿ ಪ್ರತಿ ಸಲ ಎಷ್ಟು ಮಿ.ಲೀ. ಹೋಯಿತೆಂದು ಬರೆದಿಡಿ. ತೀರಾ ಅನಿವಾರ್ಯವಲ್ಲದಿದ್ದರೆ 5 ವರ್ಷ ತುಂಬುವವರೆಗೆ ಕಾಯುವುದೇ ಒಳ್ಳೆಯದು. ಮಗು ಚಿಕ್ಕದಾದಷ್ಟೂ ಸೋಂಕಿನ ಅಪಾಯ ಹೆಚ್ಚು.

ಆಪರೇಷನ್ ದಿನದಿಂದ ಹತ್ತು ವಾರ ಹಿಂದಕ್ಕೆ ಎಣಿಸಿ ಲಸಿಕೆ ಶುರುಮಾಡಿ. ತಾಯಿ ಕಾರ್ಡ್ ತೆಗೆದು ನೋಡಿ: ಹಿಬ್ ಬ್ಯಾಕ್ಟೀರಿಯಾದ ಲಸಿಕೆ ಪೆಂಟಾವೇಲೆಂಟ್‌ನಲ್ಲೇ (ಐದು ರೋಗಗಳ ಒಂದೇ ಲಸಿಕೆ) ಬಂದಿರುತ್ತದೆ, ಪಿಸಿವಿ (ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಲಸಿಕೆ) ಬಾಕಿಯಿದ್ದರೆ ಮೊದಲು ಅದು. ಎಂಟು ವಾರ ಬಿಟ್ಟು ನ್ಯುಮೋಕಾಕಸ್‌ನ 23 ಬಗೆಯ ಲಸಿಕೆ. ಮಿದುಳಿನ ಪೊರೆಗೆ ಸೋಂಕು ತರುವ ಮೆನಿಂಜೋಕಾಕಸ್‌ನ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ, ಕೇಳಿ ಹಾಕಿಸಬೇಕು. ಎಂಟು ವಾರ ಅಂತರದಲ್ಲಿ ಎರಡು ಡೋಸ್. ಕೊನೆಯ ಚುಚ್ಚುಮದ್ದಿಗೂ ಆಪರೇಷನ್‌ಗೂ ನಡುವೆ ಕನಿಷ್ಠ ಎರಡು ವಾರ ಇರಲಿ.

ಸ್ಫೆರೊಸೈಟೋಸಿಸ್ (ಕೆಂಪುಕಣಗಳು ಗುಂಡಗಾಗಿ ಬೇಗ ಒಡೆಯುವ ಕಾಯಿಲೆ) ಇದ್ದರೆ ಪಿತ್ತಕೋಶದ ಸ್ಕ್ಯಾನ್ ಮಾಡಿಸಿ. ಕಲ್ಲಿದ್ದರೆ ಪಿತ್ತಕೋಶವನ್ನೂ ಅದೇ ಸಲ ತೆಗೆಯಬಹುದು. ಕೆಲವರಿಗೆ ಗುಲ್ಮದ ಪಕ್ಕದಲ್ಲಿ ಗೋಲಿಯಷ್ಟು ಮರಿ ಗುಲ್ಮವೂ ಇರುತ್ತದೆ. ಅದು ಉಳಿದರೆ ಬೆಳೆದು ಮತ್ತೆ ರಕ್ತಕಣಗಳನ್ನು ನುಂಗತೊಡಗೀತು.

ಆಪರೇಷನ್ ಆದಮೇಲೆ ಪ್ಲೇಟ್‌ಲೆಟ್ ಏರುತ್ತದೆ, ಕೆಲವು ಮಕ್ಕಳಲ್ಲಿ ಹತ್ತು ಲಕ್ಷ ದಾಟುತ್ತದೆ. ಮೊದಲ ವಾರಗಳಲ್ಲಿ ಬಿಡದ ಹೊಟ್ಟೆನೋವು, ವಾಂತಿ ಕಂಡರೆ ಹೊಲಿಗೆಯ ನೋವೆಂದು ಸುಮ್ಮನಿರಬೇಡಿ. ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕು.

ಸೋಂಕು ತಡೆಯಲು 5 ವರ್ಷ ದಾಟಿದ ಮಗುವಿಗೆ ಪೆನಿಸಿಲಿನ್ ವಿ 250 ಮಿ.ಗ್ರಾಂ., ಬೆಳಿಗ್ಗೆ ಒಂದು, ರಾತ್ರಿ ಒಂದು. ಎಷ್ಟು ವರ್ಷ ಎಂಬುದನ್ನು ವೈದ್ಯರೇ ಹೇಳಬೇಕು. ಮಗು ಚೆನ್ನಾಗಿದೆಯಲ್ಲ ಎಂದು ನೀವಾಗಿ ನಿಲ್ಲಿಸಬೇಡಿ.

ಎಲ್ಲಕ್ಕಿಂತ ಮುಖ್ಯ ಜ್ವರ. ಥರ್ಮಾಮೀಟರ್ 100.4 ತೋರಿಸಿತೋ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎನ್ನುವಂತಿಲ್ಲ. ಸಂಜೆ ಆಡುತ್ತಿದ್ದ ಮಗು ಬೆಳಗಾಗುವುದರೊಳಗೆ ಕೈಕಾಲು ತಣ್ಣಗಾಗಿ ಪ್ರಜ್ಞೆ ತಪ್ಪಬಹುದು, ಏಕೆಂದರೆ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾವನ್ನು ರಕ್ತದಿಂದ ಸೋಸುವ ಅಂಗವೇ ಈಗಿಲ್ಲ. ವೈದ್ಯರು ಮೊದಲೇ ಬರೆದುಕೊಟ್ಟ ತುರ್ತು ಆಂಟಿಬಯೋಟಿಕ್ ಮನೆಯಲ್ಲಿದ್ದರೆ ಒಂದು ಡೋಸ್ ಕೊಟ್ಟು ಹೊರಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ ‘ಮಗುವಿಗೆ ಗುಲ್ಮ ಇಲ್ಲ’ ಎಂದಿರಲಿ. ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆ) ರಕ್ತ ತೆಗೆದ ಕೂಡಲೇ ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ ಬೀಳಬೇಕು, ವರದಿಗೆ ಕಾಯುವಂತಿಲ್ಲ. ಇದನ್ನೇ ಬರೆದ ಚೀಟಿಯೊಂದು ಶಾಲೆಯ ಬ್ಯಾಗಿನಲ್ಲಿರಲಿ.

ನಾಯಿ ಕಚ್ಚಿದರೆ ರೇಬೀಸ್ ಲಸಿಕೆಯಷ್ಟೇ ಸಾಲದು, ಆಂಟಿಬಯೋಟಿಕ್ಕೂ ಅಂದೇ ಶುರುವಾಗಬೇಕು. ಮಲೇರಿಯಾ ಇರುವ ಊರಾದರೆ ಸೊಳ್ಳೆಪರದೆ ತಪ್ಪಿಸಬೇಡಿ.